ಅನಿ-ಅನಿ ಹಿಡಿದ ಕೈಗೆ ಸಿಗುತ್ತಿದ್ದ ಪಾಲು

ನಮಸ್ಕಾರ. ಇಂಡೊನೇಷ್ಯಾದ ಜಾವಾ ದ್ವೀಪದ ಹಳೆಯ ಬೇಸಾಯದಲ್ಲಿ ಹೆಂಗಸರ ಕೈಗೆ ನಿಜವಾಗಿ ಆದಾಯ ಬರುತ್ತಿತ್ತಾ, ಈಗ ಏನು ಉಳಿದಿದೆ ಎಂದು ಕೇಳಿದ್ದೀರಿ. ಬರುತ್ತಿತ್ತು, ಭತ್ತದ ರೂಪದಲ್ಲಿ.

ಅಲ್ಲಿ ಕೊಯ್ಲು ಹೆಚ್ಚಾಗಿ ಹೆಂಗಸರ ಕೆಲಸ. ಅಂಗೈಯಲ್ಲಿ ಅಡಗುವ ಅನಿ-ಅನಿ ಎಂಬ ಪುಟ್ಟ ಚಾಕುವಿನಿಂದ ಒಂದೊಂದೇ ತೆನೆ ಕೊಯ್ಯುತ್ತಿದ್ದರು. ನಿಧಾನ, ನಿಜ. ಆದರೆ ಹಳೆ ತಳಿಗಳ ತೆನೆ ಎಲ್ಲವೂ ಒಟ್ಟಿಗೆ ಮಾಗುತ್ತಿರಲಿಲ್ಲ. ಯಾವುದು ಹಣ್ಣಾಗಿದೆ, ಯಾವುದನ್ನು ಬಿಡಬೇಕು, ಬೀಜಕ್ಕೆ ಯಾವುದು ಎಂದು ಆರಿಸುವ ಕಣ್ಣು ಬೇಕಿತ್ತು. ಕೊಯ್ದದ್ದರಲ್ಲಿ ಒಂದು ಪಾಲು ಕೊಯ್ದವರಿಗೇ. ಅದಕ್ಕೆ ಬಾವೋನ್ ಎನ್ನುತ್ತಾರೆ. ಹೊಲವಿಲ್ಲದ ಎಷ್ಟೋ ಮನೆಗಳಿಗೆ ಇದೇ ಅನ್ನ.

1970ರ ಸುಮಾರಿಗೆ ಲೆಕ್ಕ ಬದಲಾಯಿತು. ಗಿಡ್ಡ ಹೊಸ ತಳಿ ಬಂತು, ಕುಡುಗೋಲು ಬಂತು. ನಿಂತ ಬೆಳೆಯನ್ನೇ ವ್ಯಾಪಾರಿಗೆ ಮಾರುವ ತೆಬಾಸಾನ್ ಹೆಚ್ಚಿತು. ವ್ಯಾಪಾರಿ ತನ್ನದೇ ಆಳುಗಳನ್ನು ತಂದ. ಅವರಲ್ಲಿ ಗಂಡಸರೇ ಜಾಸ್ತಿ. ಅದೇ ಹೊತ್ತಿಗೆ ಅಕ್ಕಿ ಗಿರಣಿಗಳು ಬಂದು ಭತ್ತ ಕುಟ್ಟುವ ಕೂಲಿಯೂ ಹೋಯಿತು. ಇಳುವರಿ ಏರಿತು, ಒಳ್ಳೆಯದೇ. ಆದರೆ ಆ ಹೆಂಗಸರನ್ನು ಬಿಟ್ಟು ಇದನ್ನು ಬರೀ ಪ್ರಗತಿ ಅನ್ನೋಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಉಳಿದದ್ದನ್ನು ನೋಡಬೇಕಾದರೆ ಹಿತ್ತಲಿಗೆ ಹೋಗಿ. ಪೆಕಾರಾಂಗಾನ್ ಎಂಬ ಮನೆತೋಟದಲ್ಲಿ ತೆಂಗು, ಬಾಳೆ, ಅರಿಸಿನ, ಶುಂಠಿ ಎಲ್ಲ ಒಟ್ಟಿಗೆ ಬೆಳೆಯುತ್ತವೆ. ಅರಿಸಿನ, ಶುಂಠಿ ಅರೆದು ಜಾಮು ಎಂಬ ಕಷಾಯ ಮಾಡಿ, ಬಾಟಲಿಗಳ ಬುಟ್ಟಿಯನ್ನು ಬೆನ್ನಿಗೆ ಕಟ್ಟಿಕೊಂಡು ಮಾರುವ ಹೆಂಗಸರು ಇವತ್ತಿಗೂ ಇದ್ದಾರೆ. 2023ರಲ್ಲಿ ಯುನೆಸ್ಕೊ ಈ ಜಾಮು ಪರಂಪರೆಯನ್ನು ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.