ಆಗೈಟೋ ಹಾರ್ನ್‌ಬ್ಲೆಂಡೋ? ಅಳೆಯುವ ಮೊದಲು ಕಣ ಆರಿಸಿ

ಪ್ರಶ್ನೆ: ನನ್ನ ಥಿನ್ ಸೆಕ್ಷನ್‌ನಲ್ಲಿ (ಮೈಕ್ರೋಸ್ಕೋಪಿನಲ್ಲಿ ನೋಡಲು ತೆಳುವಾಗಿ ಉಜ್ಜಿದ ಕಲ್ಲಿನ ಬಿಲ್ಲೆ) ತಿಳಿಹಸಿರು ಖನಿಜವೊಂದಿದೆ. ಮೂರು ಕಣಗಳಲ್ಲಿ ಎಕ್ಸ್‌ಟಿಂಕ್ಷನ್ ಕೋನ (ಸೀಳುಗೆರೆಯಿಂದ ಕಣ ಕಪ್ಪಾಗುವ ಸ್ಥಾನದವರೆಗಿನ ತಿರುವು) 8°, 19°, 41° ಬಂತು. ಸರಾಸರಿ ಸುಮಾರು 23°, ಅಂದರೆ ಹಾರ್ನ್‌ಬ್ಲೆಂಡ್. ಆದರೆ ಇನ್ನೊಂದು ಕಣದಲ್ಲಿ ಸೀಳುಗೆರೆಗಳು (ಹರಳು ಸುಲಭವಾಗಿ ಸೀಳುವ ಗೆರೆಗಳು) 70° ಕೋನದಲ್ಲಿ ಕತ್ತರಿಸುತ್ತವೆ. ಇದು ಪೈರಾಕ್ಸೀನೋ (ಆಗೈಟ್‌ನ ಗುಂಪು) ಆಂಫಿಬೋಲೋ (ಹಾರ್ನ್‌ಬ್ಲೆಂಡ್‌ನ ಗುಂಪು)?

ಉತ್ತರ: ಸರಾಸರಿಯನ್ನು ಕೈಬಿಡಿ, ನಿಮ್ಮನ್ನು ದಾರಿ ತಪ್ಪಿಸಿದ್ದು ಅದೇ. ಈ ಹರಳುಗಳಲ್ಲಿ ಎಕ್ಸ್‌ಟಿಂಕ್ಷನ್ ಕೋನವು ಕಣ ಯಾವ ದಿಕ್ಕಿಗೆ ಕೊಯ್ದಿದೆ ಎಂಬುದರ ಮೇಲೆ 0°ಯಿಂದ ಗರಿಷ್ಠದವರೆಗೆ ಬದಲಾಗುತ್ತದೆ. ಪುಸ್ತಕದ ಪಟ್ಟಿಯಲ್ಲಿ ಕೊಟ್ಟಿರುವುದು ಗರಿಷ್ಠ: ಆಗೈಟ್‌ಗೆ ಸುಮಾರು 35°–48°, ಸಾಮಾನ್ಯ ಹಾರ್ನ್‌ಬ್ಲೆಂಡ್‌ಗೆ ಬಹುಪಾಲು 15°–30°. ನಿಮ್ಮ 41° ಸರಿಯಾದ ಕಣದ್ದಾದರೆ ಅದು ಆಗೈಟ್.

ಸರಿಯಾದ ಕಣ ಹುಡುಕುವುದು ಹೀಗೆ. ಮೈಕ್ರೋಸ್ಕೋಪಿನ ಎರಡು ಪೋಲರಾಯ್ಡ್‌ಗಳು (ಬೆಳಕಿನ ಕಂಪನವನ್ನು ಒಂದೇ ದಿಕ್ಕಿಗೆ ಬಿಡುವ ಶೋಧಕಗಳು) ಒಂದಕ್ಕೊಂದು ಅಡ್ಡಲಾಗಿರಲಿ. ಒಂದೇ ಒಂದು ಸೀಳುಗೆರೆಗಳ ಸಾಲು ಕಾಣುವ, ಆ ಖನಿಜದ ಕಣಗಳಲ್ಲೇ ಅತಿ ಎತ್ತರದ ಶ್ರೇಣಿಯ ಇಂಟರ್‌ಫರೆನ್ಸ್ ಬಣ್ಣ (ಅಡ್ಡ ಪೋಲರಾಯ್ಡ್‌ಗಳ ನಡುವೆ ಕಾಣುವ ಬಣ್ಣ; ಬೂದಿನಿಂದ ಮೊದಲಾಗಿ ಶ್ರೇಣಿ ಶ್ರೇಣಿಯಾಗಿ ಏರುತ್ತದೆ) ತೋರುವ ಕಣ ಆರಿಸಿ. ಆಗೈಟ್‌ನಲ್ಲಿ ಅದು ಎರಡನೇ ಶ್ರೇಣಿಯ ನೀಲಿ–ಹಸಿರಿನ ಆಸುಪಾಸು. ಬಣ್ಣ ಮಂಕಾದ ಕಣದ ಕೋನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಸೀಳುಗೆರೆಯನ್ನು ಲಂಬ ಕ್ರಾಸ್‌ಹೇರ್‌ಗೆ (ನೋಟದಲ್ಲಿ ಕಾಣುವ ನೇರ ಗೆರೆ) ಹೊಂದಿಸಿ ಸ್ಟೇಜ್‌ನ (ಸೆಕ್ಷನ್ ಇಡುವ ತಿರುಗುವ ತಟ್ಟೆ) ಅಂಕಿ ಬರೆದುಕೊಳ್ಳಿ, ಕಣ ಪೂರ್ತಿ ಕಪ್ಪಾಗುವವರೆಗೆ ತಿರುಗಿಸಿ ಮತ್ತೆ ಬರೆಯಿರಿ; ಎರಡರ ವ್ಯತ್ಯಾಸವೇ ಕೋನ. ಇಂಥ 8–10 ಕಣಗಳಲ್ಲಿ ಅತಿ ದೊಡ್ಡದನ್ನು ಇಟ್ಟುಕೊಳ್ಳಿ.

ಒಂದು ತೊಡಕಿದೆ: 41° ಮತ್ತು 49° ಒಂದೇ ಕಣದಲ್ಲೇ ಸಿಗುತ್ತವೆ, ಏಕೆಂದರೆ ಕಣ 90°ಗೊಮ್ಮೆ ಕಪ್ಪಾಗುತ್ತದೆ. ಹರಳಿನೊಳಗೆ ಬೆಳಕು ವೇಗದ ಮತ್ತು ನಿಧಾನದ ಎರಡು ಕಿರಣಗಳಾಗಿ ಒಡೆಯುತ್ತದೆ; ಮೇಲಿನ ಪಟ್ಟಿಯ ಕೋನ ನಿಧಾನ ಕಿರಣದ್ದು. ಅದು ಯಾವುದೆಂದು ಜಿಪ್ಸಂ ಪ್ಲೇಟ್ (ಮೈಕ್ರೋಸ್ಕೋಪಿಗೆ ತೂರಿಸಿ ಬಣ್ಣ ಏರಿಸುವ ಅಥವಾ ಇಳಿಸುವ ಫಲಕ) ಹೇಳುತ್ತದೆ. ಕಪ್ಪಾದ ಸ್ಥಾನದಲ್ಲಿ ಉತ್ತರ–ದಕ್ಷಿಣವಾಗಿದ್ದ ದಿಕ್ಕನ್ನು ಪ್ರದಕ್ಷಿಣವಾಗಿ 45° ತಿರುಗಿಸಿ, ಪ್ಲೇಟ್ ತೂರಿಸಿ. ಪ್ಲೇಟ್‌ನ ನಿಧಾನ ದಿಕ್ಕು ಈಶಾನ್ಯ–ನೈಋತ್ಯವಾಗಿದ್ದು (ಅದರ ಮೇಲಿನ ಗುರುತು ನೋಡಿಕೊಳ್ಳಿ) ಬಣ್ಣ ಮೂರನೇ ಶ್ರೇಣಿಗೆ ಏರಿದರೆ ಅದೇ ನಿಧಾನ ಕಿರಣ. ಬೂದು–ಬಿಳಿಗೆ ಇಳಿದರೆ ನೀವು ಅಳೆದದ್ದು ವೇಗದ ಕಿರಣದ ಕೋನ; 90°ಯಿಂದ ಕಳೆಯಿರಿ.

ಇನ್ನು 70° ಸೀಳು. ಸಿಲಿಕಾನ್–ಆಮ್ಲಜನಕದ ಒಂಟಿ ಸರಪಳಿಯ ಪೈರಾಕ್ಸೀನ್‌ನಲ್ಲಿ ಸೀಳುಗಳ ನಡುವೆ 87° ಮತ್ತು 93°, ಅಗಲವಾದ ಜೋಡಿ ಸರಪಳಿಯ ಆಂಫಿಬೋಲ್‌ನಲ್ಲಿ 56° ಮತ್ತು 124°. ನಿಮ್ಮ 70° ಎರಡಕ್ಕೂ ಸೇರದು; ಕಣ ಓರೆಯಾಗಿ ಕೊಯ್ದಿದೆ. ಫೋಕಸ್ ಮೇಲೆ ಕೆಳಗೆ ಮಾಡಿ ನೋಡಿ: ನೇರ ಅಡ್ಡಕೊಯ್ತದಲ್ಲಿ ಎರಡೂ ಸಾಲುಗಳು ಚೂಪಾಗಿದ್ದು ಕದಲುವುದಿಲ್ಲ, ಓರೆಯಾದರೆ ಒಂದಾದರೂ ಪಕ್ಕಕ್ಕೆ ಸರಿಯುತ್ತದೆ. ನೇರ ಕೊಯ್ತದ ಕಣ ಸೀಳುಗಳ ನಡುವಿನ ಕೋನವನ್ನು ಸರಿಯಾಗಿ ಇಬ್ಭಾಗಿಸಿ ಕಪ್ಪಾಗುತ್ತದೆ. ನನಗೆ ಇದೇ ಅತ್ಯಂತ ನಂಬಿಕೆಯ ಪರೀಕ್ಷೆ.

ಬಣ್ಣ ಕೊನೆಯ ಸಾಕ್ಷಿ ಮಾತ್ರ. ಅನಲೈಸರ್ (ಮೇಲಿನ ಪೋಲರಾಯ್ಡ್) ಹೊರಗೆಳೆದು ಸ್ಟೇಜ್ ತಿರುಗಿಸಿದಾಗ ಹಸಿರು–ಕಂದು ಎಂದು ಢಾಳಾಗಿ ಬದಲಾದರೆ ಹಾರ್ನ್‌ಬ್ಲೆಂಡ್ ಅನುಮಾನಿಸಿ. ಆದರೆ ಈಜಿರಿನ್ ಪೈರಾಕ್ಸೀನ್ ಆಗಿದ್ದೂ ಗಾಢ ಹಸಿರಾಗಿ ಬದಲಾಗುತ್ತದೆ.

ಎಲ್ಲಕ್ಕೂ ಮೊದಲು ದಪ್ಪ ನೋಡಿ. 0.03 ಮಿ.ಮೀ. ಸೆಕ್ಷನ್‌ನಲ್ಲಿ ಕ್ವಾರ್ಟ್ಜ್ ಬೂದು–ಬಿಳಿಯಾಗಿರಬೇಕು. ಗಾಢ ಹಳದಿಯಾದರೆ ಸೆಕ್ಷನ್ ದಪ್ಪ, ಬಣ್ಣ ನೋಡಿ ಹೇಳಿದ್ದೆಲ್ಲ ತಪ್ಪುತ್ತದೆ.

ಪ್ರಶ್ನೆ: ಸೀಳಿಗೆ ಸಮಾಂತರವಾಗಿ ಕಪ್ಪಾಗುವ ಕಣ ಪೈರಾಕ್ಸೀನ್‌ನ ಇನ್ನೊಂದು ಬಗೆಯಾದ ಆರ್ಥೋಪೈರಾಕ್ಸೀನ್ ಎನ್ನಬಹುದೇ?

ಉತ್ತರ: ಒಂದೇ ಕಣ ನೋಡಿ ಬೇಡ, ಆಗೈಟ್‌ನಲ್ಲೂ ಕೆಲವು ಕೊಯ್ತಗಳು ಹಾಗೆಯೇ ಕಪ್ಪಾಗುತ್ತವೆ. ಒಂದೇ ಸಾಲಿನ ಸೀಳುಗೆರೆ ಇರುವ ಕಣಗಳೆಲ್ಲ ನೇರವಾಗಿ ಕಪ್ಪಾಗಿ, ಬಣ್ಣ ಮೊದಲ ಶ್ರೇಣಿಯ ಬೂದು–ಹಳದಿಯಲ್ಲೇ ನಿಂತು, ತೆಳು ಗುಲಾಬಿ–ಹಸಿರಿನ ಬದಲಾವಣೆಯೂ ಕಂಡರೆ ಧೈರ್ಯವಾಗಿ ಹೇಳಿ. ಆಂಥೋಫಿಲೈಟ್ ಕೂಡ ನೇರವಾಗಿ ಕಪ್ಪಾಗುವ ಆಂಫಿಬೋಲ್, ಹಾಗಾಗಿ ಅಡ್ಡಕೊಯ್ತದ ಸೀಳುಕೋನವನ್ನು ಇಲ್ಲೂ ನೋಡಲೇಬೇಕು.