ಮರು: ಒಂದೇ ಹಾಳೆಗೆ ಮೂರು ತರಗತಿಯ ಮಾನದಂಡಗಳು ಹೊಂದುತ್ತಿವೆ, ಯಾಕೆ?

ಅಭ್ಯಾಸ ಹಾಳೆಗೆ ಹೊಂದುವ ಮಾನದಂಡವನ್ನು, ಅಂದರೆ ಯಾವ ತರಗತಿಯ ಮಗು ಏನು ಕಲಿತಿರಬೇಕು ಅನ್ನುವ ಪಠ್ಯಕ್ರಮದ ಸಾಲನ್ನು, ಕಂಪ್ಯೂಟರ್ ಮಾಡೆಲ್ ಬಳಸಿ ಹುಡುಕಿಸುತ್ತಿದ್ದೀರಿ. ಭಿನ್ನರಾಶಿಯ ಒಂದು ಹಾಳೆ ಕೊಟ್ಟರೆ ಮೂರು, ನಾಲ್ಕು, ಐದನೇ ತರಗತಿಯ ಮಾನದಂಡಗಳೆಲ್ಲಾ ಹೆಚ್ಚುಕಡಿಮೆ ಒಂದೇ ಅಂಕದಲ್ಲಿ ಬರುತ್ತಿವೆ ಅಂದಿದ್ದೀರಿ. ಮಾಡೆಲ್ ಕೆಟ್ಟಿಲ್ಲ. ಎಂಬೆಡಿಂಗ್ (ಪಠ್ಯದ ಅರ್ಥವನ್ನು ಸಂಖ್ಯೆಗಳ ಸಾಲಾಗಿ ಬರೆಯುವ ವಿಧಾನ) ವಿಷಯವನ್ನು ಚೆನ್ನಾಗಿ ಹಿಡಿಯುತ್ತದೆ. ಮಗು ಏನು ಮಾಡಬೇಕು ಅನ್ನುವುದನ್ನು ಅಷ್ಟಾಗಿ ಹಿಡಿಯುವುದಿಲ್ಲ.

'ಛೇದ ಒಂದೇ ಇರುವ ಭಿನ್ನರಾಶಿಗಳನ್ನು ಹೋಲಿಸುವುದು', 'ಛೇದ ಬೇರೆ ಇರುವ ಭಿನ್ನರಾಶಿಗಳನ್ನು ಕೂಡುವುದು'. ಐದು ಪದಗಳಲ್ಲಿ ಮೂರು ಒಂದೇ, ಅಲ್ವಾ? ಪಾಠ ಮಾಡುವವರಿಗೆ ಮಾತ್ರ ಇವೆರಡರ ನಡುವೆ ದೊಡ್ಡ ಅಂತರ.

ಮಾಡೆಲ್ ಬದಲಿಸುವ ಮೊದಲು ಮಾನದಂಡದ ಪಠ್ಯವನ್ನು ಸರಿಮಾಡಿ. ಮಾನದಂಡಗಳು ಮರದ ಹಾಗೆ ಕವಲೊಡೆದಿರುತ್ತವೆ. ತುದಿಯ ಒಂದು ಸಾಲನ್ನಷ್ಟೇ ಕೊಟ್ಟರೆ ಅದಕ್ಕೆ ತಲೆಬುಡ ಇರುವುದಿಲ್ಲ. ತರಗತಿ, ಘಟಕ, ಮೇಲಿನ ಶೀರ್ಷಿಕೆ ಎಲ್ಲವನ್ನೂ ಸೇರಿಸಿ ಕೊಡಿ. ಹಾಳೆಯ ಶೀರ್ಷಿಕೆಗಿಂತ ಅದರೊಳಗಿನ ಪ್ರಶ್ನೆಗಳು ಮುಖ್ಯ. ಹಾಳೆ ಸ್ಕ್ಯಾನ್ ಆಗಿದ್ದರೆ '3/4 + 1/8' ಎನ್ನುವುದು ಪಠ್ಯವಾಗಿ ಬಂದಿದೆಯೇ ನೋಡಿ. ಎಷ್ಟೋ ಸಲ ಬಂದಿರುವುದೇ ಇಲ್ಲ!

ಆಮೇಲೆ ಎರಡು ಹಂತ ಮಾಡಿ. 2019ರ ಸೆಂಟೆನ್ಸ್-ಬರ್ಟ್ (ವಾಕ್ಯಗಳ ಎಂಬೆಡಿಂಗ್ ಮಾಡುವ ಮಾಡೆಲ್) ತರಹದ ಮಾಡೆಲ್‌ನಿಂದ ಮೊದಲ ಇಪ್ಪತ್ತು ಮಾನದಂಡಗಳನ್ನು ಆರಿಸಿ. ಇಲ್ಲಿ ಸರಿಯಾದದ್ದು ತಪ್ಪಿಹೋಗದಿದ್ದರೆ ಸಾಕು, ಕಸ ಬಂದರೂ ಪರವಾಗಿಲ್ಲ. ನಂತರ ಜೋಡಿಯನ್ನು ಒಟ್ಟಿಗೆ ನೋಡಿ ಅಂಕ ಕೊಡುವ ಮಾಡೆಲ್ ಆದ ಕ್ರಾಸ್-ಎನ್‌ಕೋಡರ್‌ಗೆ ಹಾಳೆ ಮತ್ತು ಮಾನದಂಡ ಎರಡನ್ನೂ ಒಟ್ಟಿಗೆ ಓದಿಸಿ, ಮರುಶ್ರೇಣಿ ಮಾಡಿಸಿ. ಇದು ನಿಧಾನ, ಆದರೆ 'ಹೋಲಿಸು', 'ಕೂಡು' ನಡುವಿನ ವ್ಯತ್ಯಾಸ ಇಲ್ಲೇ ಜಾಸ್ತಿ ಸಿಗುತ್ತದೆ.

ಮಾಡೆಲ್ಲಿಗೆ ತರಬೇತಿ ಕೊಡುವುದಾದರೆ ತಪ್ಪು ಜೋಡಿಗಳನ್ನು (ಒಂದಕ್ಕೊಂದು ಹೊಂದದ ಹಾಳೆ-ಮಾನದಂಡದ ಉದಾಹರಣೆಗಳನ್ನು) ಸುಮ್ನೆ ಎಲ್ಲಿಂದಲೋ ಎತ್ತಬೇಡಿ. ಪಕ್ಕದ ತರಗತಿಯ ಅದೇ ವಿಷಯದಿಂದಲೇ ತೆಗೆಯಿರಿ. ಮರುಶ್ರೇಣಿಯ ನಂತರ ಮೇಲೆ ಬಂದ ಐದರಲ್ಲಿ ಯಾವುದು ಸರಿ ಅನ್ನುವುದನ್ನು ಶಿಕ್ಷಕರಿಗೇ ಬಿಡಿ. 0.82, 0.80 ತರಹದ ಹತ್ತಿರದ ಅಂಕ ನೋಡಿ ನಾನಂತೂ ತೀರ್ಮಾನ ಮಾಡುವುದಿಲ್ಲ.