ಗ್ಲೌಸ್ ಹಾಕಿದ ಕೈಯಲ್ಲಿ ಶಿಲುಬೆಯ ಗುರುತು

ಪ್ರಿಯ ಓದುಗರೇ,

ನಿಮ್ಮ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ. ಯಾಕಂದರೆ ಮೊದಲ ಸಲ ಓದುವಾಗ ಸ್ವಲ್ಪ ಸಿಟ್ಟು ಬಂದಿತ್ತು. ನಮ್ಮ ಧಾರಾವಾಹಿ ಕಾದಂಬರಿಯ ಮೇಲೆ ನಿಮ್ಮದು ಮೂರು ತಕರಾರು. ನಾಯಕಿ ಕಾರ್ಬನ್ ಡೇಟಿಂಗ್ ಮಾಡುವ, ಅಂದರೆ ಹಳೇ ವಸ್ತುವಿನಲ್ಲಿ ಉಳಿದ ವಿಕಿರಣಶೀಲ ಕಾರ್ಬನ್ ಅಳೆದು ಅದರ ವಯಸ್ಸು ಹೇಳುವ ವಿಜ್ಞಾನಿ, ಅಂಥವಳು ಪರೀಕ್ಷೆಗೆ ಮುಂಚೆ ಯೇಸುವನ್ನು ಪ್ರಾರ್ಥಿಸುವುದು ನಂಬುವ ಹಾಗಿಲ್ಲ ಅನ್ನುವುದು ಒಂದು. ಸಂತರೊಬ್ಬರದ್ದು ಎನ್ನುವ ಮೂಳೆಯ ವಯಸ್ಸು ಒಂದೇ ರಾತ್ರಿಯಲ್ಲಿ ಗೊತ್ತಾಗಿಬಿಡುವುದು ಸುಳ್ಳು ಅನ್ನುವುದು ಇನ್ನೊಂದು. ಮೂರನೆಯದು ತಕರಾರಿಗಿಂತ ಜಾಸ್ತಿ ಭಯ: ಕೊನೆಗೆ ಒಂದು ಪವಾಡ ನಡೆದು ಎಲ್ಲ ಸರಿಹೋಗುತ್ತದೆ, ಇಷ್ಟು ವಾರ ಓದಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತದೆ ಅಂತ.

ಎರಡನೆಯದನ್ನೇ ಮೊದಲು ಮುಗಿಸುತ್ತೇನೆ. ಅಲ್ಲಿ ನೀವು ಹೇಳಿದ್ದು ಸರಿ. ಆ ಕಂತಿನ ಪ್ರೂಫ್ ನೋಡಿದವನು ನಾನೇ, ಹಾಗಾಗಿ ಬೈಗುಳ ನನಗೇ ಇರಲಿ. ಮೂಳೆಯಿಂದ ಕೊಲಾಜನ್ ಅನ್ನುವ ಪ್ರೋಟೀನ್ ಬೇರೆ ಮಾಡಬೇಕು, ಶುದ್ಧ ಮಾಡಬೇಕು, ಸುಟ್ಟು ಕಾರ್ಬನ್ ಡೈ ಆಕ್ಸೈಡ್ ಮಾಡಬೇಕು, ಅದರಿಂದ ಗ್ರಾಫೈಟ್ ತೆಗೆಯಬೇಕು, ಆಮೇಲೆ ಕಾರ್ಬನ್ ಅಳೆಯುವ ಯಂತ್ರದ ಸರದಿ. ದಿನಗಟ್ಟಲೆ ಕೆಲಸ. ಇಷ್ಟೆಲ್ಲ ಆದ ಮೇಲೂ ಇಂಥದ್ದೇ ಇಸವಿ ಅಂತ ಉತ್ತರ ಬರುವುದಿಲ್ಲ, ಈ ಇಸವಿಯಿಂದ ಆ ಇಸವಿಯೊಳಗೆ ಅಂತ ಬರುತ್ತದೆ. ಪುಸ್ತಕ ಬರುವಾಗ ತಿದ್ದುತ್ತೇವೆ. ನನಗೆ ಬೇಜಾರಾಗಿದ್ದು ತಪ್ಪಾಯಿತು ಅಂತ ಮಾತ್ರ ಅಲ್ಲ. ಅವಸರ ಮಾಡಿ ಒಳ್ಳೆಯ ಸಸ್ಪೆನ್ಸನ್ನೇ ಕಳೆದುಕೊಂಡೆವಲ್ಲ ಅಂತ. ಕಾಯುವುದಕ್ಕಿಂತ ಬೇರೆ ಸಸ್ಪೆನ್ಸ್ ಬೇಕಾ?

ನಿಜವಾಗಿ ನಡೆದದ್ದನ್ನೇ ನೋಡಿ. 1988ರ ಏಪ್ರಿಲ್ 21, ಇಟಲಿಯ ಟುರಿನ್. ಯೇಸುವಿನ ದೇಹಕ್ಕೆ ಸುತ್ತಿದ್ದು ಎಂದು ಲಕ್ಷಾಂತರ ಜನ ನಂಬುವ ಬಟ್ಟೆಯ ಮೂಲೆಯಿಂದ ಒಂದು ಪಟ್ಟಿ ಕತ್ತರಿಸಿದರು. ಅಗಲ ಸುಮಾರು 1 ಸೆಂಟಿಮೀಟರ್, ಉದ್ದ 7. ಅದರಲ್ಲಿ ತಲಾ 50 ಮಿಲಿಗ್ರಾಂನಷ್ಟು ಮೂರು ಚೂರು ಮಾಡಿ, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ನಂಬರ್ ಹಾಕಿದ ಸ್ಟೀಲ್ ಡಬ್ಬಿಗಳಲ್ಲಿಟ್ಟು, ಆಕ್ಸ್‌ಫರ್ಡ್, ಜ್ಯೂರಿಕ್, ಅರಿಜೋನಾದ ಲ್ಯಾಬ್‌ಗಳಿಗೆ ಕೊಟ್ಟರು. ಜೊತೆಗೆ ಬೇರೆ ಹಳೇ ಬಟ್ಟೆಗಳ ಚೂರುಗಳೂ ಹೋದವು, ಯಾವ ಡಬ್ಬಿಯಲ್ಲಿ ಯಾವುದಿದೆ ಅಂತ ಲ್ಯಾಬಿನವರಿಗೆ ತಿಳಿಯದಿರಲಿ ಅಂತ. ಕತ್ತರಿಸಿದ್ದನ್ನೆಲ್ಲ ವಿಡಿಯೋ ಮಾಡಿದರು. ಚೂರುಗಳನ್ನು ಹಾಳೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದರಲ್ಲ, ಅದೊಂದು ಹೊತ್ತು ಮಾತ್ರ ಕ್ಯಾಮೆರಾ ಇರಲಿಲ್ಲ! ಇನ್ನೊಂದು ತಮಾಷೆ, ಆ ಬಟ್ಟೆಯ ನೇಯ್ಗೆ ಮೀನಿನ ಮುಳ್ಳಿನ ಹಾಗೆ ಓರೆ ಓರೆ, ಡಬ್ಬಿ ತೆರೆದವರಿಗೆ ನೋಡಿದ ತಕ್ಷಣ ಗುರುತು ಸಿಗುವಂಥದ್ದು, ಮುಚ್ಚಿಟ್ಟು ಕಳಿಸಿದ್ದು ದಂಡ. ಇದನ್ನೆಲ್ಲ ಆ ವಿಜ್ಞಾನಿಗಳೇ ತಮ್ಮ ವರದಿಯಲ್ಲಿ ಒಪ್ಪಿಕೊಂಡಿದ್ದಾರೆ.

ಫಲಿತಾಂಶ ಹೊರಬಿದ್ದದ್ದು ಅಕ್ಟೋಬರ್ 13ಕ್ಕೆ. ಬಟ್ಟೆಯ ಕಾಲ ಕ್ರಿ.ಶ. 1260ರಿಂದ 1390ರೊಳಗೆ. ಅದನ್ನು ಟುರಿನ್‌ನಲ್ಲಿ ಜನರಿಗೆ ತಿಳಿಸಿದ್ದು ಅಲ್ಲಿನ ಚರ್ಚಿನ ಹಿರಿಯ ಧರ್ಮಗುರು, ಕಾರ್ಡಿನಲ್ಲೇ. ನನಗಂತೂ ಆ ಲೆಕ್ಕದ ಮೇಲೆ ಅನುಮಾನವಿಲ್ಲ, ಆದರೆ ಚೂರುಗಳನ್ನೇ ಬದಲಾಯಿಸಿದರು ಅಂತ ಆಮೇಲೆ ಎಷ್ಟು ಕಥೆ ಹುಟ್ಟಿದವು ಅಂತೀರಿ. ಕ್ಯಾಮೆರಾ ಇಲ್ಲದ ಒಂದಿಷ್ಟು ನಿಮಿಷ ಸಾಕು. ಅದಕ್ಕಿಂತ ನನ್ನನ್ನು ಕಾಡುವುದು ಬೇರೆ. 2015ರಲ್ಲಿ ಅದೇ ಬಟ್ಟೆಯನ್ನು ಮತ್ತೆ ದರ್ಶನಕ್ಕೆ ಇಟ್ಟಾಗ ಜನ ಸಾಲುಗಟ್ಟಿ ಬಂದರು. ಅವರಿಗೆ ಲ್ಯಾಬಿನ ಸುದ್ದಿ ಗೊತ್ತಿರಲಿಲ್ಲವಾ? ಗೊತ್ತಿದ್ದೂ ಬಂದವರಿದ್ದರು. ಅವರನ್ನು ಪೆದ್ದರು ಅಂತ ತಳ್ಳಿಹಾಕುವ ಕಾದಂಬರಿ ನನಗೆ ಬೇಡ. ಆ ಲ್ಯಾಬಿನವರನ್ನು ದೇವರ ಶತ್ರುಗಳು ಅಂತ ತೋರಿಸುವುದೂ ಬೇಡ. ಆ ಸಾಲಿನಲ್ಲಿ ನಿಂತವರ ಪೈಕಿ ಒಬ್ಬಳು ಅದೇ ಲ್ಯಾಬಿನವಳಾದರೆ? ಅಲ್ಲಿಂದ ಕಥೆ ಶುರುವಾಗುತ್ತದೆ.

ಈಗ ನಿಮ್ಮ ಮೊದಲ ತಕರಾರು. ವಿಜ್ಞಾನಿ ಪ್ರಾರ್ಥನೆ ಮಾಡುವುದಿಲ್ಲ ಅಂತ ಯಾರು ಹೇಳಿದರು? ಬಟಾಣಿ ಗಿಡ ಬೆಳೆಸಿ ಅನುವಂಶೀಯತೆಯ ನಿಯಮ ಕಂಡುಕೊಂಡ ಮೆಂಡೆಲ್ ಮಠದ ಸನ್ಯಾಸಿ. 1866ರಲ್ಲಿ ಅಚ್ಚಾದ ಅವನ ಪ್ರಬಂಧದ ಬೆಲೆ ಜನಕ್ಕೆ ತಿಳಿದದ್ದು 1900ರಲ್ಲಿ, ಅವನು ಸತ್ತು ಹದಿನಾರು ವರ್ಷವಾದ ಮೇಲೆ, ಪಾಪ. ಆದರೆ ಹೀಗೆ ಹೆಸರು ಹೇಳಿ ನಿಮ್ಮ ಬಾಯಿ ಮುಚ್ಚಿಸುವುದು ಸುಲಭ, ಅದರಿಂದ ನಮ್ಮ ನಾಯಕಿಗೆ ಜೀವ ಬರುವುದಿಲ್ಲ. ಮೂರನೇ ಕಂತಿನಲ್ಲಿ ಅವಳು ಮಂಡಿಯೂರಿ ಅರ್ಧ ಪುಟ ಪ್ರಾರ್ಥಿಸುವುದು ಅಂಟಿಸಿದ ಹಾಗೇ ಇದೆ, ಒಪ್ಪಿದೆ. ಏಳನೇ ಕಂತನ್ನು ಮತ್ತೊಮ್ಮೆ ಓದಿ. ಅಲ್ಲಿ ಅವಳು ಮೂಳೆಯ ಚೂರನ್ನು ಚಿಮುಟದಲ್ಲಿ ಎತ್ತುವ ಮುಂಚೆ ರೂಢಿಯಂತೆ ಶಿಲುಬೆಯ ಗುರುತು ಹಾಕಿಕೊಳ್ಳಲು ಕೈ ಎತ್ತುತ್ತಾಳೆ, ಕೈ ಹಣೆಯ ಹತ್ತಿರ ಬಂದು ನಿಂತುಬಿಡುತ್ತದೆ. ಹಣೆ ಮುಟ್ಟಿದರೆ ಗ್ಲೌಸ್ ಬದಲಿಸಬೇಕು, ಮೈಯ ಜಿಡ್ಡಿನಲ್ಲೂ ಕಾರ್ಬನ್ ಇರುತ್ತದಲ್ಲ. ಎರಡೇ ಸಾಲು. ಅಲ್ಲಿ ನಾನು ಅವಳನ್ನು ನಂಬಿದೆ.

ಪವಾಡದ ಭಯಕ್ಕೆ ಬರೋಣ. ಜಾರ್ಜ್ ಲೆಮೈತ್ರ್ ಅಂತ ಬೆಲ್ಜಿಯಂನ ಒಬ್ಬ ಪಾದ್ರಿ, ಭೌತವಿಜ್ಞಾನಿ ಕೂಡ. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲೇ ಲೆಕ್ಕ ಹಾಕಿ ತೋರಿಸಿದವನು. ವಿಶ್ವಕ್ಕೆ ಒಂದು ಶುರು ಇತ್ತು ಅನ್ನುವ, ಮುಂದೆ ನಾವು ಬಿಗ್ ಬ್ಯಾಂಗ್ ಅಂತ ಕರೆದ ವಿಚಾರಕ್ಕೆ ಬುನಾದಿ ಹಾಕಿದವನೂ ಅವನೇ. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಒಂದು ಭಾಷಣದಲ್ಲಿ, ವಿಜ್ಞಾನವೂ ಸೃಷ್ಟಿಗೆ ಸಾಕ್ಷಿ ಹೇಳುತ್ತಿದೆ ಎನ್ನುವ ಅರ್ಥದಲ್ಲಿ ಮಾತಾಡಿದರು. ಬೇರೆಯವರಾಗಿದ್ದರೆ ಕುಣಿದಾಡುತ್ತಿದ್ದರು. ಲೆಮೈತ್ರ್‌ಗೆ ಇದು ಹಿಡಿಸಲಿಲ್ಲ. ತನ್ನ ಸಿದ್ಧಾಂತ ಧರ್ಮದ ಪ್ರಶ್ನೆಗಳಿಂದ ಹೊರಗಿದೆ, ದೇವರಿಲ್ಲ ಅನ್ನುವವನಿಗೂ ಅದರಲ್ಲಿ ಜಾಗವಿದೆ ಎಂಬುದು ಅವನ ನಿಲುವು. ದಿನಾ ಪೂಜೆ ಮಾಡುವ ಪಾದ್ರಿ, ತನ್ನ ಸಮೀಕರಣವನ್ನು ದೇವರ ಪರ ಸಾಕ್ಷಿಕಟ್ಟೆಗೆ ಹತ್ತಿಸಲು ಒಪ್ಪಲಿಲ್ಲ!

ಈ ಕಥೆಯನ್ನು ನಮ್ಮ ಲೇಖಕರಿಗೂ ಹೇಳಿದೆ. ಯಾಕೆ ಅಂದರೆ ನಿಮ್ಮ ಭಯ ಸುಳ್ಳಾಗಿರಲಿಲ್ಲ. ಮೊದಲು ಅವರು ಬರೆದುಕೊಟ್ಟ ಕೊನೆಯ ಕಂತಿನಲ್ಲಿ, ಬೀಗ ಹಾಕಿದ ಕೋಣೆಯಲ್ಲಿ ಸಿಕ್ಕಿಬಿದ್ದ ನಾಯಕಿ ಪ್ರಾರ್ಥಿಸುತ್ತಾಳೆ, ಬಾಗಿಲು ತೆರೆದುಕೊಳ್ಳುತ್ತದೆ. ನಾನು ವಾಪಸ್ ಕಳಿಸಿದೆ. ಫೋನಿನಲ್ಲಿ ಮುಕ್ಕಾಲು ಗಂಟೆ ಜಗಳ. "ನನ್ನ ಬಾಳಲ್ಲಿ ಬಾಗಿಲು ತೆರೆದದ್ದುಂಟು ಸ್ವಾಮಿ, ಅದನ್ನು ಬರೆಯಬಾರದಾ?" ಅಂದರು. ಅವರ ನಂಬಿಕೆಯ ಮೇಲೆ ನನಗೇನೂ ತಕರಾರಿಲ್ಲ. ಆದರೆ ಓದುಗನಿಗೆ ಆ ಬಾಗಿಲು ತೆರೆದದ್ದು ದೇವರಲ್ಲ, ಲೇಖಕರು, ಅದೂ ಪುಟ ಮುಗಿಯುತ್ತಾ ಬಂತು ಅಂತ. ಪ್ರಾರ್ಥನೆ ಅವಳನ್ನು ಕಷ್ಟದಿಂದ ಎತ್ತುವ ಬದಲು ಕಷ್ಟಕ್ಕೆ ತಳ್ಳಲಿ ಅಂದೆ. ಪ್ರಾರ್ಥನೆ ಮುಗಿಸಿ ಎದ್ದವಳಿಗೆ ಸುಳ್ಳು ವರದಿಗೆ ಸಹಿ ಹಾಕಲು ಆಗದೇ ಹೋಗಲಿ, ಅದರಿಂದ ಕೆಲಸ ಹೋಗಲಿ, ಜೀವಕ್ಕೂ ಅಪಾಯ ಬರಲಿ. ಅವರು ಹತ್ತು ದಿನ ಮಾತಾಡಲಿಲ್ಲ. ಆಮೇಲೆ ಹೊಸ ಕಂತು ಬಂತು.

ಅದು ಈಗ ನನ್ನ ಮೇಜಿನ ಮೇಲಿದೆ. ಬಾಗಿಲು ಏನಾಯಿತು ಅಂತ ಹೇಳುವುದಿಲ್ಲ, ಗ್ಲೌಸ್ ಮಾತ್ರ ಮತ್ತೆ ಬರುತ್ತದೆ. ಪತ್ರದ ಎರಡನೇ ಪುಟ ನೋಡಿದರೆ ನೀವು ಇಂಥ ಲ್ಯಾಬಿನ ಒಳಗನ್ನು ಕಂಡವರೇ ಅನಿಸುತ್ತದೆ. ಕೊನೆಯ ಎರಡು ಕಂತಿನ ಪ್ರೂಫ್ ಕಳಿಸಲಾ? ಲೆಕ್ಕ ಎಲ್ಲಿ ತಪ್ಪಿದ್ದರೂ ಧಾರಾಳವಾಗಿ ಕೆಂಪು ಪೆನ್ನು ಹಾಕಿ. ಪ್ರಾರ್ಥನೆಯ ಸಾಲುಗಳನ್ನು ಮಾತ್ರ ಹಾಗೇ ಬಿಡಿ, ಅದಕ್ಕೆ ನಾನು ಆಗಲೇ ಸಾಕಷ್ಟು ಜಗಳ ಆಡಿದ್ದೇನೆ.

— ಸಂಪಾದಕ